ಬಾಗಿಲ ಮೇಲಿನ ಚೀಟಿಗಳು

"ಮುಟ್ಟಬೇಡ್ವೇ, ಸತ್ತೋರ ಕಾಗದ ಅದು!" ಎಂದು ಹಾಸ್ಟೆಲ್ ಕಾಯುವ ಪೆನ್ಕಾ ತನ್ನ ಕೋಣೆಯ ಗಾಜಿನ ಕಿಟಕಿಯಿಂದ ಕಿರುಚಿದಳು. ಅಷ್ಟರಲ್ಲಿ, ಬಿಲ್ಯಾನಾ ಸತ್ತ ನಲವತ್ತನೇ ದಿನಕ್ಕೆಂದು ಪೆನ್ಕಾ ಮುಂಬಾಗಿಲಿಗೆ ಅಂಟಿಸಿದ್ದ ಫೋಟೋ ಸಹಿತದ ಮರಣಪತ್ರವನ್ನು ವಿದ್ಯಾರ್ಥಿನಿ ರಾಲಿತ್ಸಾ ಉಗುರಿನಿಂದ ಎಬ್ಬಿಸಿಯಾಗಿತ್ತು. ಪ್ಲೋವ್ಡಿವ್ ನಗರದ ಬಾಗಿಲುಗಳ ಮೇಲೆಲ್ಲ ಇಂಥ ಕಾಗದಗಳಲ್ಲಿ ಸತ್ತವರ ಮುಖವಿರುತ್ತದೆ. ಬಿಸಿಲಿಗೆ ಬಣ್ಣ ಬಿಟ್ಟರೂ ಯಾರೂ ಕೀಳುವುದಿಲ್ಲ. ಗೆಳತಿಯ ನಗುಮುಖವನ್ನು ಅವಳು ಪಕ್ಕದ ಕದಕ್ಕೆ ಜೋಪಾನವಾಗಿ ಅಂಟಿಸಿದಳು.

ಅದರಡಿ ಮುಚ್ಚಿಹೋಗಿದ್ದದ್ದು ಕಾಲೇಜಿನ ಮನೋವೈದ್ಯರ ಭಿತ್ತಿಪತ್ರ. ಬುಡದಲ್ಲಿ ಹರಿದುಕೊಂಡು ಹೋಗಲೆಂದು ಸೀಳಿ ಬಿಟ್ಟಿದ್ದ ಫೋನ್ ನಂಬರಿನ ಚೀಟಿಗಳಿದ್ದವು. ಒಂದನ್ನೂ ಯಾರೂ ಹರಿದಿರಲಿಲ್ಲ.

"ಇಷ್ಟು ದೊಡ್ಡ ಬಾಗಿಲಲ್ಲಿ ನಿಮಗೆ ಇದೇ ಜಾಗ ಸಿಕ್ತಾ ಪೆನ್ಕಾ ಚಿಕ್ಕಮ್ಮ?"

"ಹುಚ್ಚರ ಡಾಕ್ಟ್ರ ಕಾಗದ ಯಾರಿಗೆ ಬೇಕಿತ್ತೇ? ಒಬ್ರಾದ್ರೂ ಮುಟ್ಟಿದ್ರಾ?"

"ಹೇಗೆ ಮುಟ್ತಾರೆ? ನೀವು ಎದುರಿಗೇ ಕೂತಿರ್ತೀರಲ್ಲ! ಬಿಲ್ಯಾನಾ ಈ ಚೀಟಿಗೆ ಕೈ ಹಾಕಿದ ದಿನ, 'ಏನೇ, ತಲೆ ಕೆಟ್ಟಿದ್ಯಾ?' ಅಂತ ಎಲ್ಲರ ಮುಂದೆ ನಕ್ಕಿರಿ. ಅವಳು ಕೈ ಹಿಂದಕ್ಕೆ ತಗೊಂಡ್ಲು. ಈಗ ಅವಳ ಹೆಸರಲ್ಲಿ ಮೇಣದಬತ್ತಿ ಹಚ್ತೀರಾ?"

ರಾಲಿತ್ಸಾ ಪರ‍್ರನೆ ಒಂದು ಚೀಟಿ ಹರಿದು ಪೆನ್ಕಾಳ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. "ಸರಿಯಾಗಿ ನೋಡ್ಕೊಳ್ಳಿ. ನಾನು ಹೋಗ್ತಿದೀನಿ. ರಾಲಿತ್ಸಾಗೂ ಹುಚ್ಚು ಹಿಡೀತು ಅಂತ ಊರಿಗೆಲ್ಲ ಡಂಗುರ ಹೊಡೀರಿ!"

ಮೆಟ್ಟಿಲ ಮೇಲೆ ನಿಂತಿದ್ದ ಹುಡುಗ ಹುಡುಗಿಯರು ರಾಲಿತ್ಸಾಳ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದರು. ಪೆನ್ಕಾ ಕದದ ಮೇಲಿದ್ದ ಬಿಲ್ಯಾನಾಳ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ತನ್ನ ಕಿಟಕಿಯ ಪರದೆ ಎಳೆದುಕೊಂಡಳು.

ಸಂಜೆ ಅವಳು ಪರದೆ ಸರಿಸಿದಾಗ ಭಿತ್ತಿಪತ್ರದ ಬುಡದಲ್ಲಿ ಒಂದು ಚೀಟಿಯೂ ಉಳಿದಿರಲಿಲ್ಲ.