ಹಗಲಲ್ಲಿ ಉರಿಯುವ ಬಲ್ಬು

ಹಗಲಲ್ಲಿ ಉರಿಯುವ ಬಲ್ಬು ಕಂಡರೆ ಆರಿಸಲು ಇಂದಿಗೂ ನನ್ನ ಕೈ ಏಳುವುದಿಲ್ಲ.

ಪುಣಜನೂರಿನ ನಮ್ಮ ಮುಸುಕಿನ ಜೋಳಕ್ಕೆ ಆನೆ ನುಗ್ಗದಂತೆ ಬ್ಯಾಟರಿಯಿಂದ ನಡೆಯುವ ತಂತಿಬೇಲಿಯಿತ್ತು. ಅಪ್ಪನೇ ಜೋಡಿಸಿದ್ದ ಚಾರ್ಜರಿನ ವೈರಿನ ನಡುವೆ ಲಾರಿಯ ಹಳೇ ಬಲ್ಬೊಂದು ಉರಿಯುತ್ತಿತ್ತು.

"ಕರೆಂಟು ಒಂದೇ ಸಲ ನುಗ್ದಂಗೆ ತಡೀತದೆ ಕಣಮ್ಮಿ. ಇದ್ರೊಳಗಿಂದ್ಲೇ ಬ್ಯಾಟ್ರಿಗೆ ಓಗ್ಬೇಕು," ಎಂದಿದ್ದರು.

ಒಂದು ಮಧ್ಯಾಹ್ನ ಅಪ್ಪ ಮನೆಯಲ್ಲಿರಲಿಲ್ಲ. "ಅಗಲೊತ್ನಲ್ಲಿ ಯಾಕಮ್ಮಿ ದೀಪ? ತಗ್ದಾಕ್ಬುಡು," ಎಂದಳು ಅಜ್ಜಿ. ಎದುರಾಡಲಾಗದೆ, ಸುಡುತ್ತಿದ್ದ ಬಲ್ಬನ್ನು ಲಂಗದ ಅಂಚಿನಲ್ಲಿ ಹಿಡಿದು ಕಳಚಿದೆ.

ಸಂಜೆ ಅಪ್ಪ ಬಂದು ನೋಡಿದರೆ ಬ್ಯಾಟರಿ ಖಾಲಿ. ಅಷ್ಟರಲ್ಲಿ ಕರೆಂಟೂ ಹೋಗಿತ್ತು. ಅವರು ಬೈಯಲಿಲ್ಲ. ಬಲ್ಬನ್ನು ಮತ್ತೆ ಸಿಕ್ಕಿಸಿ, ತಮಟೆ ಎತ್ತಿಕೊಂಡು ಹೊಲಕ್ಕೆ ಹೊರಟರು.

ಕಾಡಂಚಿನಲ್ಲಿ ಬಿದಿರು ಮುರಿಯುವ ಸದ್ದಾಯಿತು. ಅಜ್ಜಿ ಆ ತಣ್ಣನೆಯ ಬಲ್ಬಿನೆದುರು ಕೂತು, "ಉರಿಯಪ್ಪಾ, ಉರಿ," ಎನ್ನುತ್ತಲೇ ಇದ್ದಳು.