ಕಟ್ಟೆ ಕಟ್ಟೆಗೂ ಕೂರುವ ಈರವ್ವ

ಸಂತೆಯ ಬಾಗಿಲಲ್ಲಿ, ಹಾಯುವವರ ಮೈಯೊಳಗಿನ ಚಿತ್ರ ತೆಗೆದು ರೋಗ ಹೇಳುವ ಸಿ.ಟಿ. ಕಮಾನಿನೊಳಗೆ ಎಲ್ಲರೂ ಕಾಯಿಪಲ್ಯದ ಚೀಲ ಹಿಡಿದೇ ಹಾಯುತ್ತಿದ್ದರು. ಈರವ್ವ ಹಾಯ್ದಾಗ ಕಮಾನು ಮೆಲ್ಲಗೆ ನುಡಿಯಿತು: "ಯವ್ವಾ, ಶ್ವಾಸಕೋಶದ ದೊಡ್ಡ ರಕ್ತನಾಳ ಉಬ್ಬೇತಿ, ಅದರಾಗ ಒತ್ತಡ ಭಾಳ ಇದ್ದಂಗ ಐತಿ. ಏರು ಹತ್ತುವಾಗ ದಮ್ಮು ಬರ್ತಿರಬೇಕಲ್ಲ? ಇವತ್ತ ಡಾಕ್ಟರನ್ನ ಕಾಣ್ರಿ."

ಜೊತೆಗೆ ಬಂದಿದ್ದ ಗಂಡ ಗುರುಸಿದ್ದಪ್ಪ ಅವಳ ಕೈಯ ಚೀಲ ಇಸಿದುಕೊಂಡ. ಮನೆಗೆ ಹೋಗುವ ಏರಿನಲ್ಲಿ ಅವಳು ಮಂದಿಯ ಮನೆ ಮುಂದಿನ ಕಟ್ಟೆ ಕಟ್ಟೆಗೂ ಕೂತು ಹರಟುತ್ತಿದ್ದಳು. "ನಿನ್ನ ಬಾಯಿಗೆ ಬಿಡುವಿಲ್ಲ" ಎಂದು ನಾಲ್ಕು ವರ್ಷದಿಂದ ಬೈಯುತ್ತ ಅವನು ಮುಂದೆ ಹೋಗಿಬಿಡುತ್ತಿದ್ದ.

"ದಮ್ಮು ಅಂತ ಹೇಳಬಾರದಿತ್ತೇನ?" ಎಂದ.

"ನೀವು ನಿಂತ್ರಲ್ಲ ಹೇಳೂದು," ಎಂದು ಈರವ್ವ ನಕ್ಕಳು.

ಆಸ್ಪತ್ರೆಯೂ ಅದೇ ಏರಿನ ಮೇಲಿತ್ತು, ಗಾಡಿ ಹೋಗದ ಓಣಿ. ಮೊದಲ ಕಟ್ಟೆ ಬಂದಾಗ ಗುರುಸಿದ್ದಪ್ಪ ಅವಳಿಗಿಂತ ಮುಂಚೆ ತಾನೇ ಕೂತು, ಆ ಮನೆಯೊಳಗಿನವರನ್ನು ಕೂಗಿದ: "ಏನವಾ ತಂಗಿ, ಇವತ್ತ ಅಡಗಿ ಏನ್ ಮಾಡೀದಿ?"