ಬೆಟ್ಟದಮ್ಮನ ಹೊಟ್ಟೆಕಿಚ್ಚು

"ನಾನು ಬೆಟ್ಟಕ್ಕೆ ಬಂದ್ರೆ ನಿಮಗೇನು ತೊಂದ್ರೆ? ಅದನ್ನ ಬಾಯಿಬಿಟ್ಟು ಹೇಳಿ," ಎಂದು ಹಿಸಾನೊ ಚೀಲದೊಳಗಿನ ಹೊಸ ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೇ ಕೇಳಿದಳು. ಬೇಟೆ ಗುಂಪಿನ ಯಜಮಾನ ಯಸುಕಿಚಿ ಚಹಾದ ಬಟ್ಟಲಿನೊಳಗೆ ಇಣುಕಿದ.

ತೊಂದರೆ ಏನೆಂದು ಊರಿಗೆಲ್ಲ ಗೊತ್ತಿದ್ದದ್ದೇ. ಬೆಟ್ಟದ ದೇವತೆ ಬೆಟ್ಟದಮ್ಮ ಕುರೂಪಿ; ಚೆಂದದ ಹೆಂಗಸರನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಅದಕ್ಕೇ ಜಪಾನಿನ ಅಕಿತಾ ಸೀಮೆಯ ಬೇಟೆಗಾರರು ತಲೆತಲಾಂತರದಿಂದ ಅವಳಿಗಿಂತಲೂ ವಿಕಾರವಾದ ಒಣಮೀನೊಂದನ್ನು ತೋರಿಸಿ, ಅವಳು ಹಿಗ್ಗಿದ ಮೇಲೆ ಕರಡಿ ಕೇಳುತ್ತಾರೆ. ಹೆಂಗಸನ್ನು ಕರೆದೊಯ್ದರೆ ಕರಡಿ ಕೊಡುವುದಿರಲಿ, ತಲೆಯ ಮೇಲೆ ಬಂಡೆ ಉರುಳಿಸುತ್ತಾಳೆ.

ಆದರೆ ಈ ಸಲ ಕರಡಿ ಶಾಲೆಯ ಬಸ್ಸು ನಿಲ್ಲುವಲ್ಲೇ ಕಾಕಿ ಹಣ್ಣಿನ ಮರ ಹತ್ತಿ ಕೂತಿತ್ತು. ಮಕ್ಕಳು ಇಳಿಯಲೊಲ್ಲೆವೆಂದು ಅತ್ತಿದ್ದರು; ಅದು ಹಣ್ಣು ಮುಗಿಸಿ ಬೆಟ್ಟಕ್ಕೆ ಮರಳಿತ್ತು. ಆ ಬಸ್ಸು ಓಡಿಸುವವಳೇ ಹಿಸಾನೊ; ಬಂದೂಕಿನ ಪರವಾನಗಿ ಪರೀಕ್ಷೆ ಪಾಸು ಮಾಡಿ ಈಚೆಗಷ್ಟೇ ಬಂದೂಕು ಕೊಂಡಿದ್ದಳು. ಹೊಡೆಯಲು ಅನುಮತಿಯೇನೋ ಸಿಕ್ಕಿತ್ತು, ಹೊಡೆಯುವವರು ಬೇಕಲ್ಲ? ಗುಂಪಿನಲ್ಲಿ ಉಳಿದವರು ಮೂವರು. ಗೆಂಪೆಗೆ ಕಿವಿ ಕೇಳದು, ಸೈಗೊಗೆ ಕಣ್ಣು ಕಾಣದು, ಯಸುಕಿಚಿಗೆ ಮಂಡಿ ಮಡಚದು. ಮೂವರನ್ನೂ ಕೂಡಿಸಿದರೆ ಒಬ್ಬ ಬೇಟೆಗಾರ, ಅದೂ ಕಷ್ಟದಲ್ಲಿ. ಅಜ್ಜ ಕಟ್ಟಿದ ಗುಂಪು ತನ್ನ ಕಾಲಕ್ಕೇ ಮುಗಿಯಿತಲ್ಲ ಎಂದು ಯಸುಕಿಚಿಗೆ ಒಳಗೊಳಗೇ ಸಂಕಟ.

"ಅಮ್ಮನಿಗೆ ಹೊಟ್ಟೆಕಿಚ್ಚಾಗುತ್ತೆ ಕಣಮ್ಮ," ಎಂದ ಕೊನೆಗೆ.

"ಅಂದ್ರೆ ಅರವತ್ತು ದಾಟಿದ್ರೂ ಇವಳು ಅಷ್ಟು ಚೆಂದ ಅಂತಾಯ್ತು," ಎಂದಳು ಚಹಾ ಬಗ್ಗಿಸುತ್ತಿದ್ದ ಹೆಂಡತಿ ತೊಮಿ. "ಮದುವೆಯಾದಾಗಿಂದ ನನಗೊಂದು ಸಲ ಆ ಮಾತು ಅಂದಿದ್ದು ನೆನಪಿಲ್ಲಪ್ಪ."

"ಚೆಂದ ಅಂತ ನಾನೆಲ್ಲಿ ಅಂದೆ?"

"ಓಹೋ, ಹಾಗಾದ್ರೆ ಕುರೂಪಿ ಅಂತೀರೋ?" ಹಿಸಾನೊ ಬಂದೂಕಿನ ಚೀಲದ ಮೇಲೆ ಕೈ ಇಟ್ಟಳು.

ಅತ್ತ ದರಿ, ಇತ್ತ ಪುಲಿ. ಮಾರನೆಯ ಬೆಳಿಗ್ಗೆ ನಾಲ್ವರೂ ಬೆಟ್ಟ ಹತ್ತಿದರು.

ಮುದುಕರು ಕೆಳಗಿನಿಂದ ಕೂಗಿ ಕರಡಿಯನ್ನು ಎಬ್ಬಿಸಿದರು. ಮೇಲೆ ಕಾದಿದ್ದ ಹಿಸಾನೊಳ ಒಂದೇ ಗುಂಡಿಗೆ ಅದು ಉರುಳಿತು. ಗೆಂಪೆ ಮಾತ್ರ ಗುಂಡಿನ ಸದ್ದು ಕೇಳದೆ ಇನ್ನೂ ಕೂಗುತ್ತಲೇ ಇದ್ದ. ಯಸುಕಿಚಿ ಕರಡಿಯ ಜೀವಕ್ಕೆ ಕೈಮುಗಿದು ಆಕಾಶ ನೋಡಿದ. ಬಂಡೆ ಬೀಳಲಿಲ್ಲ, ಒಂದು ಹನಿ ಮಳೆಯೂ ಬೀಳಲಿಲ್ಲ. "ಅಮ್ಮ ಒಲಿದುಬಿಟ್ಲು! ಒಂಚೂರೂ ಹೊಟ್ಟೆಕಿಚ್ಚು ಪಡ್ಲಿಲ್ಲ ನೋಡ್ರೋ!" ಎಂದು ಮಂಡಿ ಮರೆತು ಕುಣಿದ.

ಸಂಜೆ ಯಸುಕಿಚಿಯ ಮನೆಯಲ್ಲಿ ಕರಡಿ ಮಾಂಸದ ಸಾರು ಕುದಿಯುತ್ತಿತ್ತು. ಹಿಸಾನೊ ಮಾತ್ರ ಮುಖ ಬಾಡಿಸಿಕೊಂಡು ಕೂತಿದ್ದಳು.

"ಒಂಚೂರೂ ಹೊಟ್ಟೆಕಿಚ್ಚು ಪಡ್ಲಿಲ್ವಂತೆ," ಎಂದಳು ತೊಮಿಗೆ. "ನನ್ನ ನೋಡಿ ಸ್ವಲ್ಪನಾದ್ರೂ ಪಡಬಾರದಿತ್ತಾ ಅಕ್ಕ?"

ತಾನು ಆಡಿದ್ದೇನೆಂದು ಯಸುಕಿಚಿಗೆ ಆಗ ಹೊಳೆಯಿತು. ಸಮಾಧಾನ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

"ಪೆದ್ದಿ, ಸಾವಿರಾರು ವರ್ಷದಿಂದ ಇಂಥ ಗಂಡು ಮೂತಿಗಳನ್ನೇ ನೋಡಿ ನೋಡಿ ಅವಳಿಗೂ ಸಾಕಾಗಿತ್ತು. ಮಾತಾಡೋಕೆ ಒಂದು ಹೆಣ್ಣುಜೀವ ಬಂತಲ್ಲ ಅಂತ ಹಿಗ್ಗಿದ್ದಾಳೆ," ಎಂದಳು ತೊಮಿ. ಆಮೇಲೆ ಸಾರಿನ ಸೌಟನ್ನು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಗಂಡನ ಕಡೆಗೆ ಗುರಿ ಹಿಡಿದು ಕೇಳಿದಳು: "ಬಂದೂಕಿನ ಪರೀಕ್ಷೆ ಮತ್ತೆ ಯಾವಾಗಂತೆ, ಹಿಸಾನೊ?"